ಕೆಂಪು ಹೆಲ್ಮೆಟ್ಟಿನ ಬಡಗ್ಯಾ

ಆಗಸ್ಟ್ 10, ಭಾನುವಾರ

ವಾರದ ರಜೆ, ಹೆಸರಿಗೆ. ಬೆಳಿಗ್ಗೆಯೇ ಕೆಳಗಿನಿಂದ ಬಂಡೂ ದಾದಾನ ಕೂಗು — "ಏ ವೆಲ್ಡರ್, ಖಾಲೀ ಯೇ!" ಕೆಳಗೆ ಬಾ ಎಂದು ಮನೆ ಮಾಲೀಕನ ಮಗ ಕರೆದರೆ ಹಲ್ಲುಜ್ಜುತ್ತಿದ್ದವನೂ ಇಳಿಯಲೇಬೇಕು. ಇಳಿದೆ. ಮಾರ್ಬತ್ ಹಬ್ಬ ಹತ್ತಿರ ಬಂತಂತೆ. ಗಲ್ಲಿಯ ಮಂಡಳದ ಬಡಗ್ಯಾಕ್ಕೆ ಕಬ್ಬಿಣದ ಚೌಕಟ್ಟು ಬೇಕಂತೆ. ಹೂಂ ಅಂದೆ. ಬೇರೆ ಏನನ್ನಲಿ?

ಗದಗಿನಿಂದ ಬಂದ ಮೊದಲ ವರ್ಷ ಹೆದರಿದ್ದೆ. ಊರಿಗೆ ಹತ್ತಿದ ಪೀಡೆಗಳನ್ನೆಲ್ಲ ಗೊಂಬೆ ಮಾಡಿ, ಅದಕ್ಕೆ ಬಡಗ್ಯಾ ಎಂದು ಹೆಸರಿಟ್ಟು, ಮಾರ್ಬತ್ ದೇವಿಯ ಹಿಂದೆ ಮೆರವಣಿಗೆ ಹೊರಡಿಸಿ, ಕೊನೆಗೆ ಸುಡುವುದು... ಇದೆಂಥ ಊರಪ್ಪಾ ಅನಿಸಿತ್ತು. ಆಮೇಲೆ ಇಷ್ಟವಾಯಿತು. ಹೋದ ವರ್ಷ ನಮ್ಮದು ರಸ್ತೆಗುಂಡಿಯ ಬಡಗ್ಯಾ. ಅದರ ಹಿಂದಿನ ವರ್ಷ ಡೆಂಗಿ ಸೊಳ್ಳೆ. ಈ ಸಲ ಏನು ಎಂದು ಕೇಳಿದರೆ ಬಂಡೂ ಬರೀ ನಕ್ಕ. "ಸರ್‌ಪ್ರೈಜ್."

ಆಗಸ್ಟ್ 14

ಹಿಂಗಣಾದ ಫ್ಯಾಕ್ಟರಿಯಲ್ಲಿ ಇವತ್ತು ನನ್ನ ಎರಡು ಪೀಸ್ ರಿಜೆಕ್ಟ್. ಕ್ವಾಲಿಟಿಯಲ್ಲಿ ಕೂತಿರುವುದು ನಮ್ಮದೇ ಗಲ್ಲಿಯ ಮೃಣಾಲಿನಿ. ಪರಿಚಯ ಗಿರಿಚಯ ನೋಡುವವಳಲ್ಲ. ಸುಣ್ಣದ ಕಡ್ಡಿಯಿಂದ ಗೀಟು ಎಳೆದಳು, ಮರಾಠಿಯಲ್ಲಿ ಅಂದಳು — "ಕೇದಾರ್, ನಿನ್ನ ಬೆಸುಗೆಯ ಬೀಡ್ ಮುಗಿಯುವಾಗ ಎಡಕ್ಕೆ ಬಾಲ ಎಳೆಯುತ್ತದೆ. ನೂರು ಪೀಸ್ ಗುಡ್ಡೆ ಹಾಕಿದರೂ ನಿನ್ನದು ಯಾವುದು ಅಂತ ಹೇಳುತ್ತೇನೆ." ಸಿಟ್ಟು ಬಂತು. ಆದರೆ ನಿಜ.

ಅವಳದೇ ಈಗ ಗಲ್ಲಿ ತುಂಬ ಮಾತು. ಸಾಖರಪುಡಾ ಆಗಿ, ಸಕ್ಕರೆ ಹಂಚಿ, ಉಂಗುರ ತೊಟ್ಟ ಮೇಲೆ ಗಂಡಿನವರು ಕೆಲಸ ಬಿಡು ಅಂದರಂತೆ. ಇವಳು ತನ್ನ ಕೆಂಪು ಹೆಲ್ಮೆಟ್ ಹಾಕಿ, ಉಂಗುರ ಸೀರೆ ಎರಡನ್ನೂ ಸ್ಕೂಟಿಯ ಡಿಕ್ಕಿಯಲ್ಲಿಟ್ಟುಕೊಂಡು ಹೋಗಿ ಅವರ ಮನೆಯಲ್ಲೇ ವಾಪಸ್ ಕೊಟ್ಟು ಬಂದಳಂತೆ. ಒಬ್ಬಳೇ! ನಾನಾಗಿದ್ದರೆ ಗಲ್ಲಿಯ ತಿರುವಿನಲ್ಲೇ ಹಿಂದಿರುಗುತ್ತಿದ್ದೆ.

ಆಗಸ್ಟ್ 21, ಸಂಜೆ

ಚೌಕಟ್ಟು ಮುಗಿದಿತ್ತು. ಹುಡುಗರು ಹುಲ್ಲು ತುಂಬಿ ಕುರ್ತಾ ಹಾಕಿದ್ದರು. ಹೆಣ್ಣು ಬಡಗ್ಯಾ. ಆಗಲೇ ತಿಳಿಯಬೇಕಿತ್ತು. ಬಂಡೂ ಚೀಲದಿಂದ ಹೊಸ ಹೆಲ್ಮೆಟ್ ತೆಗೆದ. ಕೆಂಪು.

ಗಲ್ಲಿಯಲ್ಲಿ ಕೆಂಪು ಹೆಲ್ಮೆಟ್ ಒಬ್ಬಳದೇ.

"ಗಟ್ಟಿಯಾಗಿ ಕೂರಿಸು, ಹಿಲನಾ ನಹೀ ಚಾಹಿಯೇ" ಅಂದ. ಪ್ಲಾಸ್ಟಿಕ್ ವೆಲ್ಡ್ ಆಗುವುದಿಲ್ಲ ದಾದಾ ಅಂದೆ. ಕ್ಲಾಂಪ್ ಹಾಕು ಅಂದ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಕುತ್ತಿಗೆಗೆ ಪಟ್ಟಿ ವೆಲ್ಡ್ ಮಾಡಿ, ನಾಲ್ಕು ಬೋಲ್ಟ್ ಬಿಗಿದೆ. ಕೈ ತಾನಾಗಿಯೇ ಕೆಲಸ ಮಾಡಿತು. ಚೆನ್ನಾಗಿಯೇ ಮಾಡಿತು.

ಅಪ್ಪನಿಗೆ ಹೇಳಿದೆ. ಪಾರ್ಸೆಲ್ ಆಫೀಸಿನಿಂದ ಆಗಷ್ಟೇ ಬಂದಿದ್ದ. "ನಮಗ್ಯಾಕ ಬೇಕೋ ತಮ್ಮಾ ಊರ ಉಸಾಬರಿ? ಪರಊರಾಗ ಅದೀವಿ. ಹತ್ತು ಮಂದಿ ಹ್ಯಾಂಗೋ ನಾವೂ ಹಾಂಗ" ಅಂದ. ಅವ್ವ ರೊಟ್ಟಿ ಬಡಿಯುತ್ತಿದ್ದವಳು ಬಡಿಯುತ್ತಲೇ ಇದ್ದಳು.

ಆಗಸ್ಟ್ 22, ಪೋಳಾ

ಎತ್ತಿನ ಹಬ್ಬದ ಹೋಳಿಗೆ ತಟ್ಟೆಯಲ್ಲೇ ಬಿಟ್ಟೆ. ಬಡಗ್ಯಾದ ಕೊರಳಿಗೆ ಬೋರ್ಡ್ ಬಿದ್ದಿದೆ, ಮರಾಠಿಯಲ್ಲಿ — 'ಸಾಖರಪುಡಾ ಮುರಿದವಳನ್ನು ಒಯ್ಯೇ ಮಾರ್ಬತ್.'

ನಾಳೆ ಜ್ವರ ಎಂದು ಮಲಗಿಬಿಡಲೇ?

ಆಗಸ್ಟ್ 23, ಶನಿವಾರ, ಸಂಜೆ

ಬಾಗಿಲ ಚಿಲಕ ಹಾಕಿದೆ. ಎರಡು ಸಲ ನೋಡಿದೆ, ಹಾಕಿದೆ.

ಏನಾಯಿತು... ಕ್ರಮವಾಗಿ ಬರೆಯುತ್ತೇನೆ. ಮಲಗಲಿಲ್ಲ, ಡ್ಯೂಟಿಗೆ ರಜೆ ಹಾಕಿ ಮೆರವಣಿಗೆಗೆ ಹೋದೆ. ಹೋಗದಿದ್ದರೆ ಬಂಡೂ ಕೇಳುತ್ತಿದ್ದ. ಜನವೋ ಜನ. ನಮ್ಮ ಕೈಗಾಡಿ ಗಲ್ಲಿಯಿಂದ ಹೊರಟಿತು. ಹುಡುಗರು ಚಪ್ಪಲಿಯಿಂದ ಹೆಲ್ಮೆಟ್ಟಿಗೆ ಬಾರಿಸುತ್ತಿದ್ದರು, ಅದು ಒಂದಿಷ್ಟೂ ಕದಲಲಿಲ್ಲ. ಎಲ್ಲ ಬಾಗಿಲಲ್ಲೂ ಜನ ನಿಂತು, ಪೀಡೆಯನ್ನೆಲ್ಲ ಒಯ್ಯೇ ಎಂದು ಕೈ ಎತ್ತಿ ಕೂಗುತ್ತಿದ್ದರು — "ಇಡಾ ಪಿಡಾ ಘೇವುನ್ ಜಾ ಗೇ ಮಾರ್ಬತ್!" ನಾನೂ ಕೂಗಿದೆ. ಸುಳ್ಳು ಯಾಕೆ?

ಮೃಣಾಲಿನಿಯ ಮನೆ ಬಂತು. ಅವಳು ಡ್ಯೂಟಿಗೆ ಹೋಗಿದ್ದಳು. ಬಾಗಿಲಲ್ಲಿ ಅವಳ ಅಪ್ಪ ವಾಮನ ಕಾಕಾ ಒಬ್ಬರೇ. ಬೋರ್ಡ್ ಓದಿದರು. ಹೆಲ್ಮೆಟ್ ನೋಡಿದರು. ಎಲ್ಲರೂ ಅವರನ್ನೇ ನೋಡುತ್ತಿದ್ದರು. ಕಾಕಾ ನಿಧಾನಕ್ಕೆ ಕೈ ಎತ್ತಿದರು. "ಘೇವುನ್ ಜಾ" ಅಂದರು. ಒಯ್ಯಿ ಎಂದು, ಸ್ವಂತ ಮಗಳನ್ನು. ದನಿ ಹೊರಡಲಿಲ್ಲ, ತುಟಿ ಅಷ್ಟೇ.

ಆಮೇಲೆ ನಾನೇನು ಮಾಡಿದೆನೋ ಅದನ್ನು ಯೋಚಿಸಿ ಮಾಡಲಿಲ್ಲ. ಗಾಡಿ ಹತ್ತಿದ್ದೆ. ಹೆಲ್ಮೆಟ್ ಕೀಳಲು ಎಳೆದೆ. ಬರಲಿಲ್ಲ. ನಾಲ್ಕು ಬೋಲ್ಟ್, ನಾನೇ ಬಿಗಿದದ್ದು! ಇನ್ನೇನೂ ತೋಚಲಿಲ್ಲ, ಬೋರ್ಡ್ ಕಿತ್ತು ನನ್ನ ಕೊರಳಿಗೆ ಹಾಕಿಕೊಂಡೆ. "ನನ್ನ ಒಯ್ರಿ! ನನ್ನನ್ನ ಸುಡ್ರಿ!" ಎಂದು ಕನ್ನಡದಲ್ಲೇ ಕಿರುಚಿದೆನಂತೆ. ಯಾರಿಗೆ ತಿಳಿಯಬೇಕು? ಕೆಲವರು ನಕ್ಕರು. ತಾಶಾದವರು ಬಾರಿಸುತ್ತಲೇ ಇದ್ದರು. ಬಂಡೂ ನಗಲಿಲ್ಲ. ಮೆಲ್ಲಗೆ "ಉತರ್" ಅಂದ. ಇಳಿದೆ. ಓಡಿದೆ. ಬೋರ್ಡ್ ಕೊರಳಲ್ಲೇ ಇತ್ತು, ಮನೆ ಮುಟ್ಟಿದ ಮೇಲೆ ನೋಡಿದೆ.

ಈಗ ಮೆಟ್ಟಿಲ ಮೇಲೆ ಯಾರೋ... ಅಲ್ಲ. ಅವ್ವ.

ಆಗಸ್ಟ್ 24

ವಿಡಿಯೋ ಎಲ್ಲರ ಫೋನಿಗೂ ಬಂದಿದೆ. 'ಶೇರ್ ಹೈ ಭಾಯ್' ಎಂದು ಶಾಪ್ ಫ್ಲೋರಿನ ಹುಡುಗರ ಮೆಸೇಜು. ಹುಲಿಗೆ ಬೆಳಿಗ್ಗೆಯಿಂದ ಪಾಯಖಾನೆಗೆ ಇಳಿಯಲೂ ಧೈರ್ಯವಿಲ್ಲ.

ಮಧ್ಯಾಹ್ನ ಬಂಡೂ ತಾನೇ ಮೇಲೆ ಬಂದ. ಚಪ್ಪಲಿ ಹೊರಗೆ ಬಿಟ್ಟು, ಅವ್ವನಿಗೆ ನಮಸ್ಕಾರ ಮಾಡಿ, ಚಹಾ ಕುಡಿದ. ಕೂಗಾಡಿದ್ದರೆ ಎಷ್ಟೋ ಚಲೋ ಇತ್ತು. ಮಂಗಳವಾರ ಸಂಜೆ ಗಣಪತಿ ಮಂಟಪದಲ್ಲಿ ಗಲ್ಲಿಯವರೆಲ್ಲ ಸೇರುತ್ತಾರೆ. ಅಲ್ಲಿ ಮೈಕಿನಲ್ಲಿ ನಾನು 'ಕುಡಿದಿದ್ದೆ, ತಪ್ಪಾಯಿತು' ಎಂದು ಕೈ ಮುಗಿಯಬೇಕು. ಇಲ್ಲವಾದರೆ ಖೋಲಿ ಖಾಲಿ ಮಾಡಬೇಕು. "ಔರ್ ಹೀರೋ," ಬಾಗಿಲಲ್ಲಿ ತಿರುಗಿ ಅಂದ, "ಬಡಗ್ಯಾ ಕಿಸ್ನೇ ಬನಾಯಾ, ವೋ ಮೈನೇ ಅಬ್ ತಕ್ ಕಿಸೀಕೋ ಬೋಲಾ ನಹೀ." ಬಡಗ್ಯಾ ಮಾಡಿದ್ದು ನಾನೆಂದು ಅವನಿನ್ನೂ ಹೊರಗೆ ಬಿಟ್ಟಿಲ್ಲ, ಅವನ ಹುಡುಗರಿಗಷ್ಟೇ ಗೊತ್ತು.

ಅವನು ಹೋದ ಮೇಲೆ ಅಪ್ಪ: "ಕುಡದಿದ್ದೆ ಅಂತ ಒಂದ್ ಮಾತು ಹೇಳಿಬಿಡು. ನಿನ್ನ ಗಂಟೇನ್ ಹೋಗತೈತಿ?"

ಅವ್ವ ಎಂದೂ ಅಪ್ಪನಿಗೆ ಎದುರಾಡಿದವಳಲ್ಲ. ಇವತ್ತು ಅಂದಳು, "ಕೊಳ್ಳಾಗ ಲಿಂಗಾ ಐತಿ. ಒಂದ್ ಹನಿ ಕುಡೀದ ಮಗಾ, ಕುಡದಿದ್ದೆ ಅಂತ ಹ್ಯಾಂಗ ಹೇಳಬೇಕ್ರೀ?"

"ಹಂಗಾರ ಪಾತ್ರೆ ಪಗಡಾ ಕಟ್ಟು" ಅಂದ ಅಪ್ಪ.

ಆಗಸ್ಟ್ 25

ಡ್ಯೂಟಿಗೆ ಹೋದೆ. ಮೃಣಾಲಿನಿ ಥ್ಯಾಂಕ್ಸ್ ಹೇಳಬಹುದು ಎಂದುಕೊಂಡಿದ್ದೆ. ಹೌದು, ಅಂದುಕೊಂಡಿದ್ದೆ. ಏನನ್ನಬೇಕು ಎಂದು ಬಸ್ಸಿನಲ್ಲಿ ಯೋಚಿಸಿಯೂ ಇದ್ದೆ.

ನನ್ನ ಪೀಸ್ ಕೈಗೆತ್ತಿಕೊಂಡಳು. ಬಹಳ ಹೊತ್ತು ನೋಡಿದಳು. "ವಿಡಿಯೋ ನಿಲ್ಲಿಸಿ, ದೊಡ್ಡದು ಮಾಡಿ ನೋಡಿದೆ" ಅಂದಳು. "ಹೆಲ್ಮೆಟ್ ಕೆಳಗಿನ ಪಟ್ಟಿ. ಎಡಕ್ಕೆ ಬಾಲ."

ನಾನು ಏನೇನೋ ತೊದಲಿದೆ — ಬಂಡೂ, ಮನೆ, ಅಪ್ಪ. ಅವಳು ತಡೆದಳು.

"ನಿನ್ನ ಕಾರಣ ನಿನ್ನ ಹತ್ತಿರವೇ ಇರಲಿ. ನನ್ನ ಬಾಬಾ ಶನಿವಾರದಿಂದ ಅನ್ನ ಮುಟ್ಟಿಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿದ್ದಾರೆ. ಯಾರದೋ ಮಗ, ಆ ವೆಲ್ಡರ್, ನನ್ನ ಮಗಳಿಗಾಗಿ ಗಾಡಿ ಹತ್ತಿದ, ನಾನು ಹಡೆದವನು ಕೈ ಎತ್ತಿದೆ ಅನ್ನುತ್ತಾರೆ. ಇಡೀ ಗಲ್ಲಿಯಲ್ಲಿ ಹೆದರಿದವನು ತಾನೊಬ್ಬನೇ ಅಂದುಕೊಂಡಿದ್ದಾರೆ. ಅವರ ಎದುರಿಗೆ ಹೇಳು, ಯಾರು ಮಾಡಿದ್ದು ಅಂತ. ಸಾಕು."

ಪೀಸ್ ಪಾಸ್ ಮಾಡಿದಳು. ಅದು ಇನ್ನೂ ಕಷ್ಟವಾಯಿತು.

ಆಗಸ್ಟ್ 26, ಮಂಗಳವಾರ

ಹೇಳಿದರೆ ಮನೆ ಹೋಗುತ್ತದೆ. ಶೇರ್ ಅಂದವರೇ ಥೂ ಅನ್ನುತ್ತಾರೆ. ಬಂಡೂನ ಹುಡುಗರು ಹೊಡೆಯುತ್ತಾರೆ, ಅದೂ ಇದೆ. ಕುಡಿದಿದ್ದೆ ಎಂದರೆ ಎಲ್ಲ ಸಲೀಸು. ಅಪ್ಪ ನಿನ್ನೆಯಿಂದ ನನ್ನ ಕಡೆ ನೋಡಿಲ್ಲ. ಅವ್ವ ಪಾತ್ರೆ ಕಟ್ಟಿಟ್ಟಿದ್ದಾಳೆ, ಕೇಳಿದರೆ "ತೊಳ್ಯಾಕ ತಗದೇನಿ" ಅನ್ನುತ್ತಾಳೆ.

ಅದೇ ದಿನ, ಸಂಜೆ

ಕೆಳಗೆ ಮಂಟಪದ ಲೈಟು ಹತ್ತಿದೆ. ಕಿಟಕಿಯಿಂದ ಕಾಣುತ್ತದೆ. ಬಂಡೂ ಮೈಕ್ ಊದಿ ನೋಡುತ್ತಿದ್ದಾನೆ. ಗಲ್ಲಿಯೆಲ್ಲ ಸೇರಿದೆ.

ಸ್ಕೂಟಿ ಬಂತು. ಹೌದು, ಕೆಂಪು ಹೆಲ್ಮೆಟ್. ಜನರ ನಡುವೆಯೇ ತಂದು ನಿಲ್ಲಿಸಿದಳು. ಹಿಂದೆ ವಾಮನ ಕಾಕಾ, ಶಾಲು ಹೊದ್ದು. ಇಳಿಯಲು ಅವಳು ಕೈ ಕೊಟ್ಟಳು. ಕಾಕಾ ಯಾರನ್ನೂ ನೋಡದೆ ನೆಲವನ್ನೇ ನೋಡುತ್ತಾ ನಿಂತಿದ್ದಾರೆ.

"ಕೇದಾರ್! ಖಾಲೀ ಯೇ!" ಮೈಕಿನಲ್ಲಿ.

ಅಪ್ಪ ಬಾಗಿಲಲ್ಲಿ ನಿಂತಿದ್ದಾನೆ. ದಾರಿ ಬಿಡುತ್ತಾನೋ ತಡೆಯುತ್ತಾನೋ ತಿಳಿಯದು. ಇಲ್ಲಿ ಒಮ್ಮೆ ಬರೆದರೆ ಅಲ್ಲಿ ಬಾಯಿ ಬರಬಹುದು. ಬರೆಯುತ್ತೇನೆ.

ಕುಡಿದಿರಲಿಲ್ಲ. ಬಡಗ್ಯಾ ಮಾಡಿದವನು ನಾನು. ಹೆಲ್ಮೆಟ್ ಬಿಗಿದವನು ನಾನು. ವಾಮನ ಕಾಕಾ, ಹೆದರಿದ್ದು ನೀವೊಬ್ಬರೇ ಅಲ್ಲ, ನಾನೂ