ಡ್ರಾಯಿಂಗ್ ರೂಮು ಮೇಲಿತ್ತು

ಜೂನ್ ೨೦, ಗುರುವಾರ. ಜಗಳೂರು

ಕೊನೆಯ ಪಿರಿಯಡ್ ಒಂಬತ್ತನೇ ಬಿ. ಧಡಧಡ ಮೆಟ್ಟಿಲು ಹತ್ತಿ ಬಂದರು. ಹಾಜರಿ ಕೂಗಿದೆ. ನಾಗರತ್ನ ಇಲ್ಲ.

"ಹೊಟ್ಟೆನೋವಂತೆ ಮಿಸ್. ಕೆಳಗೇ ಕುಂತಾಳೆ."

ಹೋದ ಗುರುವಾರವೂ ಹೊಟ್ಟೆನೋವು. ಬೆಲ್ ಆದ ಮೇಲೆ ಇಳಿದು ನೋಡಿದೆ. ಖಾಲಿ ಕ್ಲಾಸಿನಲ್ಲಿ ಒಬ್ಬಳೇ. ಪಕ್ಕದಲ್ಲಿ ಎರಡು ಊರುಗೋಲು. ಹುಟ್ಟಿನಿಂದಲೂ ಕಾಲಿನಲ್ಲಿ ಬಲವಿಲ್ಲ. ಈ ವರ್ಷ ಹೊಸದಾಗಿ ಸೇರಿದ ಹುಡುಗಿ. ನನ್ನ ಡ್ರಾಯಿಂಗ್ ರೂಮು ಮೇಲಿದೆ, ಮೆಟ್ಟಿಲಿಗೆ ಕಂಬಿಯೂ ಇಲ್ಲ. ಹೊಟ್ಟೆನೋವು ಯಾಕೆಂದು ಈಗ ಗೊತ್ತಾಯಿತು.

ಮನೆಗೆ ಬಂದು ಟಿವಿ ಹಾಕಿದೆ. ಸದ್ದಿರಲಿ ಅಂತ.

ಜೂನ್ ೨೭, ಗುರುವಾರ

ನನ್ನದೇ ಐಡಿಯಾ. ನಾಲ್ಕು ಹುಡುಗಿಯರಿಗೆ ಹೇಳಿ ನಾಗರತ್ನಳನ್ನು ಕುರ್ಚಿ ಸಮೇತ ಎತ್ತಿಸಿದೆ. ಅರ್ಧ ದಾರಿಯಲ್ಲಿ ಕುರ್ಚಿ ವಾಲಿತು. ಬೀಳಲಿಲ್ಲ, ಸದ್ಯ. ಪ್ಯಾಂಟು ಮೇಲೆ ಸರಿದು ಕಾಲಿಗೆ ಕಟ್ಟಿದ ಕಬ್ಬಿಣದ ಪಟ್ಟಿ ಕಂಡಿತು. ಯಾರೋ ಕಿಸಕ್ಕೆಂದರು.

ಪಿರಿಯಡ್ ಪೂರ್ತಿ ತಲೆ ಬಗ್ಗಿಸಿಕೊಂಡೇ ಇದ್ದಳು. ಹಾಳೆ ಮುಟ್ಟಲಿಲ್ಲ. ಮೊದಲ ದಿನ, ಸಂಕೋಚ ಇರಬೇಕು...

ಜುಲೈ ೩, ಬುಧವಾರ. ಸಂಜೆ

ಸಂಕೋಚ ಅಲ್ಲ. ಅವತ್ತಿನಿಂದ ಅವಳು ಸ್ಕೂಲಿಗೇ ಬಂದಿಲ್ಲ. ಮನೆ ಹುಡುಕಿಕೊಂಡು ಹೋದೆ. ಅಪ್ಪ ತಿಪ್ಪೇಶಪ್ಪ ಬಾಗಿಲಲ್ಲಿ ಬೈಕ್ ಒರೆಸುತ್ತಿದ್ದರು.

"ಒಳಗೆ ಬರ್ರಿ ಮೇಡಂ. ನಮ್ಗಂತೂ ಬಾಯಿ ಬಿಡ್ತಿಲ್ಲ. ನೀವೇ ಕೇಳ್ರಿ."

ಕೇಳಿದೆ. ಗೋಡೆ ನೋಡಿಕೊಂಡೇ ಹೇಳಿದಳು: "ಎತ್ಕಂಡು ಹೋಗಾಕೆ ನಾನೇನು ಮೂಟೆನಾ ಮಿಸ್? ಒಂದ್ ಮಾತು ನನ್ನ ಕೇಳಿದ್ರಾ?"

ಕೇಳಿರಲಿಲ್ಲ. ಎಲ್ಲರನ್ನೂ ಕೇಳಿದ್ದೆ, ಅವಳೊಬ್ಬಳನ್ನು ಬಿಟ್ಟು.

"ತಪ್ಪಾಯ್ತು ಕಣಮ್ಮ. ಈಗ ಕೇಳ್ತೀನಿ. ಏನು ಮಾಡೋಣ ಹೇಳು."

"ನೀವೇ ಕೆಳಗೆ ಬರಾಕೆ ಆಗಲ್ವಾ?"

ಇಷ್ಟೇ. ಇಪ್ಪತ್ತು ವರ್ಷದ ಸರ್ವಿಸ್ ನನಗೆ...

ಜುಲೈ ೪, ಗುರುವಾರ

ಬಿ ಸೆಕ್ಷನ್ ಕೆಳಗಿನ ವರಾಂಡದಲ್ಲಿ. ಗಾಳಿಗೆ ಹಾಳೆ ಹಾರಿ ಗಲಾಟೆಯೋ ಗಲಾಟೆ. ಹಾಳೆ ಮೇಲೆ ಕಲ್ಲು ಇಟ್ಟುಕೊಂಡರು. ನಾಗರತ್ನ ತಾನೇ ನಡೆದು ಬಂದು ಡೆಸ್ಕಿಗೆ ಕೂತಳು. ಕೊಡ ಬರೆಯಲು ಹೇಳಿದ್ದೆ. ಅವಳ ಕೊಡ ಥೇಟ್ ಬದನೆಕಾಯಿ. ಪಕ್ಕದ ಓಬಳೇಶನದು ಅದಕ್ಕಿಂತ ಕೆಟ್ಟದು. ಒಬ್ಬರದೊಬ್ಬರು ನೋಡಿ ನಕ್ಕರು.

ಅವಳು ನಕ್ಕಿದ್ದು ಇವತ್ತೇ ನೋಡಿದ್ದು.

ಜುಲೈ ೧೫, ಸೋಮವಾರ

ಎಚ್ಚೆಮ್ ಪಂಚಾಕ್ಷರಪ್ಪನವರು ಕರೆಸಿದರು. "ಹೆಂಗೂ ಕೆಳಗೇ ಕ್ಲಾಸ್ ತಗಂತೀರಲ್ಲ ಮೇಡಂ. ಮುರುಕು ಬೆಂಚು, ಪುಸ್ತಕದ ಬಂಡಲ್ ಇಡಾಕೆ ಜಾಗ ಇಲ್ಲ. ಮೇಲಿನ ರೂಮಿನ ಕೀಲಿ ಕೊಟ್ಬಿಡ್ರಿ."

"ಕೆಳಗೆ ತಗೊಳ್ಳೋದು ಒಂದೇ ಸೆಕ್ಷನ್ ಸರ್."

"ಒಂದಕ್ಕಾಗಿದ್ದು ಎಲ್ಲಕ್ಕೂ ಆಗ್ತೈತೆ ಬಿಡ್ರಿ. ಡ್ರಾಯಿಂಗ್ ತಾನೆ."

ಕೊಟ್ಟೆ. ಜಗಳವಾಡಬೇಕಿತ್ತು.

ಮಧ್ಯಾಹ್ನದ ಊಟ ಆ ರೂಮಿನಲ್ಲೇ ಮಾಡುತ್ತಿದ್ದೆ. ಇವತ್ತು ಡಬ್ಬಿ ಹಿಡಿದು ಸ್ಟಾಫ್ ರೂಮಿಗೆ ಹೋದೆ. ಮಾತು ನಿಂತಿತು. ಜಾಗ ಬಿಟ್ಟರು. ಮತ್ತೆ ಮಾತು ಶುರುವಾಯಿತು — ನನ್ನನ್ನು ದಾಟಿಕೊಂಡು, ಆ ಕಡೆಯವರಿಗೂ ಈ ಕಡೆಯವರಿಗೂ. ಅರ್ಧ ತಿಂದು ಮುಚ್ಚಿದೆ.

ಜುಲೈ ೨೧, ಭಾನುವಾರ

ಚನ್ನಗಿರಿಗೆ ಹೋಗಿ ಬಂದೆ, ತಮ್ಮ ಸತೀಶನ ಮನೆಗೆ. ರೂಮಿನ ವಿಷಯ ಯಾರಿಗಾದರೂ ಹೇಳಬೇಕಿತ್ತು. ಅವನ ಹೆಂಡತಿ ರೂಪಶ್ರೀ ಕುಕ್ಕರ್ ಇಳಿಸುತ್ತಾ, "ಅಯ್ಯೋ ಬಿಡ್ರಿ ಅಕ್ಕ, ಎಲ್ಲಿ ಕುಂತು ಪಾಠ ಮಾಡಿದ್ರೂ ಸಂಬಳ ಬರ್ತೈತಲ್ಲ" ಅಂದಳು. ಸತೀಶ ಫೋನಿನಲ್ಲಿ ಅಡಿಕೆ ರೇಟು ಕೇಳುತ್ತಿದ್ದ. ಊಟ ಚೆನ್ನಾಗಿತ್ತು.

ಸಂಜೆಯೇ ಹೊರಟೆ. ಇರು ಅಂತ ಯಾರೂ ಅನ್ನಲಿಲ್ಲ. ಅಂದಿದ್ದರೆ... ದಾವಣಗೆರೆಯಲ್ಲಿ ಬಸ್ಸು ಬದಲಿಸಿದೆ. ಜಗಳೂರು ಬಸ್ಸಿನಲ್ಲಿ ಪಕ್ಕದ ಸೀಟು ಕೊನೆಯವರೆಗೂ ಖಾಲಿ.

ಜುಲೈ ೨೫, ಗುರುವಾರ

ನಾಗರತ್ನ ರಬ್ಬರ್ ಕೇಳಿದಳು. ಡೆಸ್ಕಿನ ಮೇಲೆ ಎಸೆದಂತೆ ಇಟ್ಟೆ. ಯಾಕೆ ಹಾಗೆ ಮಾಡಿದೆ? ಇವಳು ಬಾರದಿದ್ದರೆ ರೂಮು ಇರುತ್ತಿತ್ತು — ಒಂದು ಗಳಿಗೆ ಹಾಗೆಯೇ ಅನ್ನಿಸಿತು. ಬರೆಯಲೂ ನಾಚಿಕೆ.

ಅವಳು ಮುಖ ನೋಡಿದಳು. ಗೊತ್ತಾಗಿರಬೇಕು.

ಆಗಸ್ಟ್ ೮, ಗುರುವಾರ

ಮತ್ತೆ ಹೊಟ್ಟೆನೋವು. ಹೋದ ವಾರವೂ. ಎಲ್ಲರೂ ವರಾಂಡದಲ್ಲಿ, ಇವಳೊಬ್ಬಳು ಕ್ಲಾಸಿನೊಳಗೆ. ಈ ಸಲ ಮೆಟ್ಟಿಲ ನೆಪವೂ ಇಲ್ಲ. ಹೋಗಿ ಎದುರಿನ ಬೆಂಚಿನಲ್ಲಿ ಕೂತೆ.

"ನಿಮ್ ರೂಮು ನನ್ನಿಂದ ಹೋತಂತಲ್ಲ ಮಿಸ್. ಎಲ್ರೂ ಅಂತಾರೆ."

"ರೂಮು ಹೋಗಿದ್ದು ನಿಜ. ಕಿತ್ಕೊಂಡಿದ್ದು ನೀನಲ್ಲ."

"ಬ್ಯಾಸರ ಆತಾ?"

ಇಲ್ಲ ಅನ್ನಬಹುದಿತ್ತು. "ಆಯ್ತು. ಅಲ್ಲೇ ಊಟ ಮಾಡ್ತಿದ್ದೆ. ಸಿಟ್ಟು ನಿನ್ನ ಮೇಲೆ ತೋರಿಸಿದೆ. ಅದು ತಪ್ಪು."

"ಒಬ್ರೇ ಉಣ್ತಿದ್ರಾ?"

"ಹ್ಞೂಂ."

ಬೆಂಚಿನ ಅಂಚು ಉಗುರಿನಿಂದ ಕೆರೆದಳು. ಆಮೇಲೆ: "ಅವತ್ತು ನಾನು ತಲೇನೇ ಎತ್ತಲಿಲ್ಲ. ಆ ಕಿಟಕಿಯಾಗೆ ಏನ್ ಕಾಣ್ತಿತ್ತು ಮಿಸ್?"

ಇಷ್ಟು ದಿನದಲ್ಲಿ ನನ್ನ ಬಗ್ಗೆ ಯಾರಾದರೂ ಏನನ್ನಾದರೂ ಕೇಳಿದ್ದು ಇವತ್ತೇ ಮೊದಲು. "ಹೊರಗೆ ಬಾ, ಎಲ್ಲರಿಗೂ ಹೇಳ್ತೀನಿ" ಅಂದೆ. ಊರುಗೋಲು ತೆಗೆದುಕೊಂಡು ಬಂದಳು. ಹೇಳುತ್ತಾ ಹೋದೆ. ಮೊದಲು ಶೀಟ್ ಹಾಕಿದ ಮನೆಗಳು. ಕುರಿ ಕೂಡುವ ಬಯಲು. ಆಮೇಲೆ ಕೆರೆ ಏರಿ. ನಲವತ್ತು ತಲೆ ಹಾಳೆಯ ಮೇಲೆ ಬಗ್ಗಿದ್ದವು. ಓಬಳೇಶ ಬರೀ ಕುರಿ ಬರೆದ.

"ತಡೀರಿ ಮಿಸ್, ಏರಿ ಎಡಕ್ಕಾ ಬಲಕ್ಕಾ?" — ನಾಗರತ್ನ. ಮುಗಿಯಲಿಲ್ಲ ಅಂತ ಹಾಳೆ ಮನೆಗೆ ಒಯ್ದಳು.

ಆಗಸ್ಟ್ ೧೨, ಸೋಮವಾರ

ಸ್ಟಾಫ್ ರೂಮಿಗೆ ಹೋಗಲಿಲ್ಲ. ವರಾಂಡದಲ್ಲೇ ಡಬ್ಬಿ ಬಿಚ್ಚಿದೆ. ನಾಗರತ್ನ ತಟ್ಟೆ ಹಿಡಿಸಿಕೊಂಡು ಬಂದಳು, ಓಬಳೇಶನ ಕೈಲಿ. ಹಾಳೆಯೂ ಇತ್ತು.

"ಕೆರೆ ಆತು ಮಿಸ್. ಅದರಾಚೆ?"

ಹೇಳಲು ಬಾಯಿ ತೆರೆದೆ. ಅದರಾಚೆ... ಏನಿತ್ತು? ಈ ಸ್ಕೂಲಿಗೆ ಬಂದಾಗಿನಿಂದ, ಎರಡು ವರ್ಷ, ಆ ಕಿಟಕಿಗೆ ಕೂತು ಉಂಡಿದ್ದೇನೆ.

"ನೋಡಿಲ್ಲ ಕಣೇ."

"ನೀವೂ ನೋಡಿಲ್ವಾ!" ಜೋರಾಗಿ ನಕ್ಕಳು. ನನಗೂ ನಗು ಬಂತು. "ಹಂಗಾರೆ ನಾನೇ ಹಾಕ್ತೀನಿ. ನೀವು ಉಣ್ರಿ."

ಎಡಗೈಯಲ್ಲಿ ಹಾಳೆ ಒತ್ತಿಕೊಂಡು ಪೆನ್ಸಿಲ್ ಇಟ್ಟಳು. ಏರಿಯ ಆಚೆ, ಮೊದಲು ಒಂದು ಗೆರೆ. ಆಮೇಲೆ ಅದರ ಪಕ್ಕ ಇನ್ನೊಂದು.