ಸುರಗಿಗೆ ಕೂಡುವ ಮೊದಲು

ದೊಡವಾಡ
೧೧-೨-೨೦೦೩

ಪ್ರೀತಿಯ ಮೀನಕ್ಕನಿಗೆ ನಿನ್ನ ತಮ್ಮ ಶ್ರೀಶೈಲ ಮಾಡುವ ನಮಸ್ಕಾರಗಳು.

ನಾನು ಒಂಬತ್ತನೇ ಇಯತ್ತೆಗೆ ಸಾಲೆ ಬಿಟ್ಟದ್ದು ಲೆಕ್ಕ ಬರಲಿಲ್ಲವೆಂದು ಅಲ್ಲ. ನನ್ನ ಎದೆ ಹೆಂಗಸರ ಎದೆಯಂತೆ ಉಬ್ಬಿದ್ದಕ್ಕೆ. ಇದ್ದದ್ದನ್ನು ಇದ್ದ ಹಾಗೆ ಎಲ್ಲರ ಮುಖದ ಮೇಲೆ ಆಡುವ ನಾನು, ಇದೊಂದನ್ನು ಇಷ್ಟು ವರ್ಷ ಎರಡು ಬನಿಯನ್ ಒಳಗೆ ಮುಚ್ಚಿಟ್ಟುಕೊಂಡೆ.

ರಾಮದುರ್ಗದಿಂದ ನೀನು ಬರೆದ ಎರಡು ಪತ್ರಗಳಿಗೂ ಉತ್ತರ ಕೊಡಲಿಲ್ಲ, ತಪ್ಪು ತಿಳಿಯಬೇಡ. ಮದುವೆಗೆ ಯಾವ ಬಣ್ಣದ ಅಂಗಿ ಹೊಲಿಸುತ್ತೀ ಎಂದು ನೀನು ಕೇಳಿದ್ದೆ. ಸಂಗೊಳ್ಳಿಯ ನೀಲಗಂಗಾಳನ್ನು ನನಗೆ ಗೊತ್ತುಮಾಡಿದಂದಿನಿಂದ ನನಗೆ ಅಂಗಿ ತೆಗೆಯುವುದರದೇ ಚಿಂತೆ. ಸುರಗಿಯ ದಿನ ನಾಲ್ಕು ತಂಬಿಗೆಗಳ ನಡುವೆ ಬರಿಮೈಯಲ್ಲಿ ಕೂತು ಹೆಂಗಸರಿಂದ ಅರಿಷಿಣ ಹಚ್ಚಿಸಿಕೊಳ್ಳಬೇಕಲ್ಲ. ಬನಿಯನ್ ಹಾಕಿಕೊಂಡೇ ಕೂಡುತ್ತೇನೆ ಎಂದೆ. ಬಾಯವ್ವ ಅತ್ತಿ ಬಿಡುತ್ತಾಳೆಯೇ?

"ಬನೀನ ಮ್ಯಾಲ ಅರಿಷಿಣ ಹಚ್ಚಾಕ ನೀ ಏನ್ ಗ್ವಾಡಿ ಏನೋ?"

ಎಲ್ಲರೂ ನಕ್ಕರು. ನಾನು ಎದ್ದು ಹೋದೆ.

ಮರುದಿನ ಟ್ರ್ಯಾಕ್ಟರ್ ಕೆಲಸಕ್ಕೆ ಹೋಗದೆ ಧಾರವಾಡದ ಬಸ್ಸು ಹತ್ತಿದೆ. ಡಾಕ್ಟರು ತೂಕ ನೋಡಿದರು, ರಕ್ತ ತೆಗೆಸಿದರು. ವಾರ ಬಿಟ್ಟು ಹೋದಾಗ ನಾನೇ ಮೊದಲು ಕೇಳಿದೆ.

"ಸಾಹೇಬರ, ನಾ ಗಂಡಸು ಹೌದೋ ಅಲ್ಲೋ, ಅಷ್ಟ ಹೇಳಿಬಿಡ್ರಿ."

"ಗಂಡಸ ಅದಿಯೋ ತಮ್ಮಾ. ಬೊಜ್ಜು ಜಾಸ್ತಿ ಆಗೇತಿ."

ಗಂಡಸರ ಮೈಯಲ್ಲಿ ಗಂಡು ಹಾರ್ಮೋನಿನ ಜೊತೆ ಸ್ವಲ್ಪ ಹೆಣ್ಣು ಹಾರ್ಮೋನೂ ಇರುತ್ತದಂತೆ. ಬೊಜ್ಜು ಸುಮ್ಮನೆ ಕೂತಿರುವುದಿಲ್ಲವಂತೆ. ಗಂಡು ಹಾರ್ಮೋನನ್ನು ಹೆಣ್ಣು ಹಾರ್ಮೋನಾಗಿ ಬದಲಿಸುತ್ತದಂತೆ. ಗಂಡು ಹಾರ್ಮೋನು ಕಡಿಮೆಯಾದರೆ ಹುರುಪು ಹೋಗುತ್ತದೆ, ಹುರುಪು ಹೋದರೆ ಬೊಜ್ಜು ಇನ್ನೂ ಬೆಳೆಯುತ್ತದೆ. ಗಾಣದ ಎತ್ತಿನ ಸುತ್ತು. ತೂಕ ಇಳಿಸಿದರೆ ಬಹಳಷ್ಟು ಸರಿಹೋಗಬಹುದು, ಎದೆ ಮಾತ್ರ ಪೂರ್ತಿ ಇಳಿಯದೆಯೂ ಇರಬಹುದು ಎಂದರು. ಮಕ್ಕಳಾಗುತ್ತವೆಯೇ ಎಂದು ಕೇಳಿದೆ.

"ಆಗೂದಿಲ್ಲ ಅಂತ ನಾ ಅನ್ನೂದಿಲ್ಲ. ಆಗತಾವು ಅಂತ ಬರದೂ ಕೊಡೂದಿಲ್ಲ. ಮೊದಲ ತೂಕ ಇಳಸು."

ಮನೆಯಲ್ಲಿ ಎಲ್ಲ ಹೇಳಿದೆ. ಅವ್ವ ರೊಟ್ಟಿಗೆ ಬೆಣ್ಣೆ ಹಚ್ಚುತ್ತಿದ್ದಳು. "ಮೈ ತುಂಬಿದ ಮಗಾ ಅಂತ ಊರೆಲ್ಲಾ ಅಂತೈತಿ. ಇದಕ್ಕೂ ಒಂದ್ ಜಡ್ಡು ಅಂತ ಹೆಸರಿಟ್ರೇನು?" ಎಂದು ಅತ್ತಳು. ಅತ್ತಮೇಲೆ ಆ ಬೆಣ್ಣೆ ಹಚ್ಚಿದ ರೊಟ್ಟಿಯನ್ನೇ ನನ್ನ ಮುಂದಿಟ್ಟಳು. ಅಪ್ಪ ಎದ್ದು ಬಾಗಿಲು ಮುಚ್ಚಿದ.

"ಸಂಗೊಳ್ಳಿ ಬೀಗರ ಮುಂದ ಬಾಯಿ ಬಿಟ್ಟೀ ಅಂದ್ರ ನೋಡ ಮತ್ತ. ಮದವಿ ಆಗಲಿ, ಆಮ್ಯಾಲ ಎಲ್ಲಾ ಸರಿ ಹೋಗತೈತಿ."

ಸರಿಹೋಗದಿದ್ದರೆ? ಮಕ್ಕಳಾಗದಿದ್ದರೆ ಊರು ಬೆರಳು ತೋರಿಸುವುದು ನೀಲಗಂಗಾಳ ಕಡೆಗೆ. ಸಾಲೆ ಬಿಟ್ಟವ, ಯಾವ ಕೆಲಸದಲ್ಲಿಯೂ ನಿಲ್ಲದವ ಎಂಬ ಹೆಸರು ನನಗೆ ಮೊದಲೇ ಇದೆ. ಇನ್ನೊಂದು ಬಂದರೂ ಹೊರುತ್ತೇನೆ. ನನ್ನ ಮೈಯ ಭಾರವನ್ನು ಅವಳ ಮೇಲೆ ಹಾಕಲಾರೆ. ಅವಳು ನೋಡಿ ಒಪ್ಪಿದ್ದು ಸಡಿಲ ಅಂಗಿಯೊಳಗಿನ ಹುಡುಗನನ್ನು. ಇನ್ನುಳಿದದ್ದನ್ನು ನಾನೇ ಅವಳ ಮುಂದೆ ಹೇಳುತ್ತೇನೆ. ಬೇಡ ಎಂದರೆ ಬೇಡ.

ಅವಳು ಒಪ್ಪಿಯಾಳೆಂದು ಒಳಗೊಳಗೇ ಆಸೆ ಇದೆ ಅಕ್ಕಾ. ಅದನ್ನೂ ಮುಚ್ಚಿಡುವುದಿಲ್ಲ.

ಮಾಮಾನವರಿಗೆ ನಮಸ್ಕಾರ ತಿಳಿಸು. ನಿನ್ನ ಸಣ್ಣ ಮಗಳಿಗೆ ನನ್ನ ಆಶೀರ್ವಾದ. ಬೆಳೆದ ಮೇಲೆ ತನ್ನ ಮೈಗೆ ತಾನು ನಾಚದೆ ಅವಳು ಓಡಾಡಲಿ.

ನಿನ್ನ ತಮ್ಮ
ಶ್ರೀಶೈಲ

ತಾ.ಕ.: ಒಂಬತ್ತನೇ ಇಯತ್ತೆಯಲ್ಲಿ ಕಬಡ್ಡಿ ಆಡಲು ಅಂಗಿ ತೆಗೆದಾಗ ಕಾಕಾನ ಮಗ ಹನುಮಪ್ಪ "ಏ ಶ್ರೀಶೈಲವ್ವಾ, ಸೀರಿ ಉಟ್ಕೊಂಡ್ ಬಾ" ಎಂದು ಇಡೀ ಸಾಲೆಗೆ ಕೇಳುವಂತೆ ಕೂಗಿದ. ಅಂದೇ ಪಾಟೀಚೀಲ ತೆಗೆದುಕೊಂಡು ಬಂದುಬಿಟ್ಟೆ. ಆ ಹೆಸರನ್ನು ಅವನು ಕಲಿತದ್ದು ನಮ್ಮ ಮನೆಯಲ್ಲಿ. ನಾನು ಬಚ್ಚಲ ಮುಂದೆ ಬರಿಮೈಯಲ್ಲಿ ನಿಂತಿದ್ದಾಗ, ಅವನ ಎದುರಿಗೇ, "ನಮ್ಮ ಶ್ರೀಶೈಲವ್ವ ದೊಡ್ಡಾಕಿ ಆಗ್ಯಾಳ ನೋಡ್ರಿ" ಎಂದು ನಕ್ಕವಳು ನೀನು. ಚೇಷ್ಟೆಗೆ ಅಂದದ್ದು, ನಿನಗೆ ನೆನಪಿರಲಿಕ್ಕಿಲ್ಲ. ಮದುವೆ ನಡೆದರೆ ಬನಿಯನ್ ತೆಗೆದೇ ಸುರಗಿಗೆ ಕೂಡುತ್ತೇನೆ. ಮೊದಲ ಅರಿಷಿಣ ನೀನೇ ಹಚ್ಚು, ನಗಬೇಡ. ನಾಳೆ ಬೆಳಗಿನ ಬಸ್ಸಿಗೆ ಸಂಗೊಳ್ಳಿಗೆ ಹೋಗುತ್ತೇನೆ.