ನಾಟಕದ ಜೊತೆಗಿನ ಟೆಕ್ಸ್ಟ್ ಫೈಲು

ಲೇ ಓಂಕಾರೇಶ,

ನನ್ನ ನಂಬರ್ ಬ್ಲಾಕ್ ಮಾಡಿದ್ದೀಯ, ಇದು ನಿನಗೆ ತಲುಪಲ್ಲ. ಆದ್ರೂ ಕೇಳು.

ನಮ್ಮ ನಾಟಕದ ವಿಡಿಯೋ ಜೊತೆ ಪೆನ್‌ಡ್ರೈವಿಗೆ ಯಾವ ಸೀನು ಯಾವಾಗ ಬರುತ್ತೆ ಅಂತ ಬರೆದು ನೀನು ಹಾಕ್ತಿದ್ದ ಟೆಕ್ಸ್ಟ್ ಫೈಲಲ್ಲಿ "ದುರ್ಯೋಧನ ಮಾತು ಮರೆತಾಗ ಪರದೆ ಹಿಂದಿಂದ ಹೇಳಿಕೊಡೋ ದನಿ ನನ್ನದು" ಅಂತಿತ್ತಲ್ಲ. ದುರ್ಯೋಧನನ ಪಾರ್ಟು ನಂದು, ಮಾನ ಹೋಯ್ತು ಅಂತ ಜಗಳ ಆಡಿ ಆ ಫೈಲನ್ನೇ ಅಳಿಸಿದ್ದೆ.

ಇವತ್ತು ಲಿಂಗದಹಳ್ಳಿಯ ಕಲ್ಲಮ್ಮಜ್ಜಿ ತರೀಕೆರೆಗೆ ಬಂದು, ನನ್ನ ಹತ್ರಾನೇ ಕೊಂಡಿದ್ದ ಪೆನ್‌ಡ್ರೈವನ್ನ ನನ್ನ ಅಂಗಡಿ ಟೇಬಲ್ ಮೇಲೆ ಕುಕ್ಕಿದ್ರು. "ಭೀಮನ ಮೀಸೆ ಯಾವಾಗ ಬೀಳುತ್ತೆ ಅಂತ ಬರೆದೇ ಇಲ್ವಲ್ಲಪ್ಪಾ. ಮೊಮ್ಮಗಳು ಮೊದ್ಲೇ ಓದಿ ಹೇಳಿದ್ರೆ ತಾನೆ ನಾನು ಒಲೆ ಮುಂದಿಂದ ಎದ್ದು ಬರೋದು?"

ಬರೆದುಕೊಡ್ತೀನಿ ಅಂತ ಕೂತೆ. ಒಂದು ಸಾಲೂ ಹೊಳೀಲಿಲ್ಲ ಕಣೋ. ಅಭ್ಯಾಸ ನೋಡು, ಅಂಗಡಿ ಒಳಗಿನ ಪರದೆ ಕಡೆಗೇ ಕಿವಿ ಕೊಟ್ಕೊಂಡು ಕೂತಿದ್ದೆ.